ಒಂಟಿ ಚಪ್ಪಲಿ ಮತ್ತು ಗೊಬ್ಬರದ ಹಡಗು

ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಎಲೆಅಡಿಕೆ ಹಾಕ್ಕೊಂಡು ಹೇಳ್ತೀನಿ. ನಮ್ಮ ಯಜಮಾನ್ರ ಸುತ್ತ ನಗೋ ಸಂಗತಿ ಒಂದಲ್ಲ ಒಂದು ನಡೀತಾನೇ ಇತ್ತು. ಅವರು ಸತ್ತ ಮೇಲೂ ನಿಲ್ಲಲಿಲ್ಲ.

೧. ಕಲ್ಲು

ನಮ್ಮದು ತಾಯಲೂರು ಕಡೆ. ರಾಗಿ ಬಿತ್ತೋ ಕಾಲ. ತಾಯಲೂರಿನ ಸೊಸೈಟೀಲಿ ಡಿಎಪಿ ಗೊಬ್ಬರ ಇಲ್ಲ. ಮಳೆ ಬೀಳೋ ಹೊತ್ತಿಗೆ ಒಂದು ಮೂಟೆ ಮನೇಲಿರಬೇಕು ಅಂತ ನಮ್ಮವರಿಗೆ ಒಂದೇ ಹಟ. "ರಾಗಿ ಜೊತೆಗೇ ಮಣ್ಣಿಗೆ ಬೀಳ್ಬೇಕು ಕಣೇ, ಆಮೇಲೆ ಚೆಲ್ಲಿದ್ರೆ ದಂಡ" ಅಂತಿದ್ರು.

ಸೊಸೈಟಿ ಗುಮಾಸ್ತ ಹೇಳ್ದ, "ತಾತ, ಅದು ಪಾಸ್ಫೇಟ್ ಅನ್ನೋ ಕಲ್ಲಿಂದ ಆಗೋದು. ಕಲ್ಲು ಮೊರಾಕೋದಿಂದ ಬರ್ಬೇಕು. ಚೀನಾದೋರು ಗೊಬ್ಬರ ಕಳಿಸ್ತಿಲ್ಲ. ದಾರೀಲಿ ಯುದ್ಧ ಅಂತ ಹಡಗು ಬೇರೆ ಸುತ್ತಾಕ್ಕೊಂಡು ಬರ್ತಾ ಇದೆ."

"ಕೋಲಾರದ ಸೀಮೇಲಿ ಕಲ್ಲಿಗೆ ಬರವೇನಯ್ಯ? ಶಿವಾರಪಟ್ಟಣದಲ್ಲಿ ಕಲ್ಲಲ್ಲಿ ದೇವರನ್ನೇ ಮಾಡ್ತಾರೆ, ನಿಮಗೆ ಗೊಬ್ಬರ ಮಾಡಕ್ಕಾಗಲ್ವಾ?" ಅಂದ್ರು ಇವರು. ಆವತ್ತಿಂದ ದಿನಾ ಹೋಗಿ, "ಹಡಗು ಬಂತೇನಪ್ಪ?" ಅಂತ ಕೇಳೋರು. ಬದುಕಲ್ಲಿ ಸಮುದ್ರ ಕಂಡೋರಲ್ಲ. ಒಂದಿನ ಮನೆಗೆ ಬಂದು ಚಿಂತೆ ಮಾಡ್ಕೊಂಡು ಕೂತ್ರು: "ನಮ್ಮ ಕೆರೇಲೇ ನೀರಿಲ್ಲ, ಹಡಗು ಬಂದ್ರೆ ಎಲ್ಲಿ ನಿಲ್ಲಿಸ್ತಾರೆ?"

೨. ಚಪ್ಪಲಿ

ಕೊನೆಗೆ ಒಂದು ಸಣ್ಣ ಲೋಡು ಬರುತ್ತೆ ಅಂತ ಸುದ್ದಿ. ಸಾಲಲ್ಲಿ ನಿಂತೂ ನಿಂತೂ ಕಾಲು ನೋಯ್ತದೆ ಅಂತ ಎಲ್ಲರೂ ತಮ್ಮ ಜಾಗದಲ್ಲಿ ಚಪ್ಪಲಿ ಬಿಟ್ಟು ನೆರಳಿಗೆ ಕೂರೋದು ನಮ್ಮಲ್ಲಿ ವಾಡಿಕೆ. ಇವರೂ ಬಿಟ್ರು. ನಾಯಿ ಬಂದು ಒಂದನ್ನ ಕಚ್ಕೊಂಡು ಹೋಯ್ತು. ಎದುರುಮನೆಯವನು ನೋಡ್ದ. ತೆಲುಗು ಮನೆಮಾತಿನವನು, ಇವರನ್ನ ಮಾಮಾ ಅಂತ ಕರೀತಿದ್ದ. ಉಳಿದ ಒಂಟಿ ಚಪ್ಪಲೀನ ಪಕ್ಕಕ್ಕೆ ಸರಿಸಿ ತನ್ನ ಜೋಡಿ ಇಟ್ಟ. ಕೊನೇ ಮೂಟೆ ಅವನ ಪಾಲಾಯ್ತು.

"ಏನ್ಲಾ, ನಂದೊಂದು ಚಪ್ಪಲಿ ಇತ್ತಲ್ಲೋ!" ಅಂತ ಕೂಗಾಡಿದ್ರು. ಗುಮಾಸ್ತ ಸಮಾಧಾನ ಹೇಳ್ದ, "ಒಂದು ಚಪ್ಪಲಿಗೆ ಅರ್ಧ ಮೂಟೆ ಕೊಡ್ಬಹುದು ತಾತ, ಆದ್ರೆ ಮೂಟೆ ಬಿಚ್ಚೋ ಹಂಗಿಲ್ಲ. ಮುಂದಿನ ಲೋಡಿಗೆ ನಿಮ್ಮ ಹೆಸರೇ ಮೊದಲು."

ಇವರು ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಮನೆಗೆ ಬಂದ್ರು. "ಇನ್ನೊಂದು ಕಾಲು ಸುಡಲ್ವಾ?" ಅಂದೆ. "ಅರ್ಧ ಸುಡ್ತು" ಅಂದ್ರು.

೩. ಕಾಗೆ

ಆಮೇಲೆ ಒಂದು ವಾರಕ್ಕೆ ಹೊಲದ ಬದೀಲಿ ಹೊಂಗೆ ಮರಕ್ಕೆ ಒರಗಿ ಕೂತೋರು ಏಳಲೇ ಇಲ್ಲ. ಹೊಲದಲ್ಲೇ ಮಣ್ಣು ಮಾಡಿದ್ವಿ.

ಮೂರನೇ ದಿನ ಹಾಲು-ತುಪ್ಪ ಬಿಟ್ಟು, ಮುದ್ದೆ, ಸೊಪ್ಪಿನ ಸಾರು, ಒಂದು ಕಟ್ಟು ಬೀಡಿ ಎಡೆ ಇಟ್ವಿ. ಕಾಗೆ ಹೊಂಗೆ ಮರದ ಮೇಲೆ ಕೂತಿದೆ, ಎಡೆ ಮುಟ್ಟಲ್ಲ. ಸತ್ತೋರ ಮನಸಲ್ಲಿ ಏನೋ ಆಸೆ ಉಳಿದಿದೆ ಅಂತ ಅರ್ಥ. ಮಗ ಕೈಮುಗಿದು, "ಅವ್ವನ್ನ ಚೆನ್ನಾಗಿ ನೋಡ್ಕೋತೀನಪ್ಪ" ಅಂದ. ಕಾಗೆ ಆ ಕಡೆ ತಿರುಗಿ ಕೂತ್ಕೊಂತು. ನಾನು, "ಹಸು ಮಾರಲ್ಲ, ಬನ್ನಿ" ಅಂದೆ. ಊಹ್ಞೂಂ.

ಎದುರುಮನೆಯವನು ಎದ್ದು ಓಡ್ದ. ಬಿಚ್ಚದೆ ಇಟ್ಟಿದ್ದ ಆ ಮೂಟೇನ ತಲೆ ಮೇಲೆ ಹೊತ್ಕೊಂಡು ಬಂದು ಎಡೆ ಪಕ್ಕ ಇಳಿಸ್ದ. ಕಾಗೆಗೆ ಯಾವ ಭಾಷೆ ತಿಳಿಯುತ್ತೋ ಅಂತ ಎರಡರಲ್ಲೂ ಕೂಗ್ದ: "ಮಾಮಾ, ಓಡ ವಚ್ಚಿಂದಿ! ಹಡಗು ಬಂತು ಮಾಮಾ, ಬಾ!"

ಕಾಗೆ ದಡಕ್ಕನೆ ಇಳೀತು. ಬೀಡಿ ಕಟ್ಟು ಪಕ್ಕಕ್ಕೆ ತಳ್ಳಿ ಮುದ್ದೆಗೆ ಬಾಯಿ ಹಾಕ್ತು. ಅಳ್ತಾ ಇದ್ದೋರೆಲ್ಲ ನಕ್ಕುಬಿಟ್ರು. ನಾನೂ ನಕ್ಕೆ. ನಗ್ತಾ ನಗ್ತಾ ಅಲ್ಲೇ ಕುಸಿದು ಕೂತೆ.

ಎಲ್ಲರೂ ಏನಾದ್ರು ಅಂತೀರಾ? ಆ ಮೂಟೆ ನಮ್ಮ ರಾಗಿ ಜೊತೆಗೇ ಮಣ್ಣಿಗೆ ಬಿತ್ತು. ಬಿತ್ತಿದ್ದು ಎದುರುಮನೆಯವನೇ. ಈಗಲೂ ವರ್ಷಾ ವರ್ಷಾ ಅವನೇ ಬಂದು ಬಿತ್ತಿ ಹೋಗ್ತಾನೆ. ಗುಮಾಸ್ತನಿಗೆ ಮುಂದಿನ ವರ್ಷ ಶ್ರೀನಿವಾಸಪುರಕ್ಕೆ ವರ್ಗ ಆಯ್ತು. ಕಾಗೆ ದಿನಾ ಬರ್ತದೆ, ತುತ್ತು ಇಡ್ತೀನಿ. ನಾಯಿ ಹೊತ್ತ ಚಪ್ಪಲಿ ಸಿಗಲೇ ಇಲ್ಲ.

ನಿಜವಾದ ಹಡಗಿನ ಲೋಡು ಹಾಲು-ತುಪ್ಪ ಆಗಿ ಹದಿನೈದು ದಿನಕ್ಕೆ ಬಂತು. ಗುಮಾಸ್ತ ಮಾತಿಗೆ ತಪ್ಪಲಿಲ್ಲ, ನಮ್ಮವರ ಹೆಸರನ್ನೇ ಮೊದಲು ಕೂಗ್ದ. ಎದುರುಮನೆಯವನ ಸಾಲ ತೀರಿಸ್ಬೇಕಲ್ಲ, ನಾನೇ ಹೋಗಿದ್ದೆ. ಉಳಿದಿದ್ದ ಚಪ್ಪಲೀನ ಸೊಸೈಟಿ ಕಿಟಕಿ ಮೇಲಿಟ್ಟು, "ಒಂದೇ ಐತಪ್ಪ, ಅರ್ಧ ಮೂಟೆ ಸಾಕು" ಅಂದೆ.

ಗುಮಾಸ್ತ ಕಣ್ಣೊರೆಸ್ಕೊಂಡು ಇಡೀ ಮೂಟೆ ಕೊಟ್ಟ.