ನಾನು ಮುಚ್ಚಿದ ಕಿಂಡಿ

ಪರೋಪಕಾರ ಮಾಡಬೇಕೆಂಬ ಹುಮ್ಮಸ್ಸು ಸ್ವಂತ ಮನೆಯ ಹೊಸ್ತಿಲ ಒಳಗೆ ಯಾವತ್ತೂ ಕಾಲಿಡುವುದಿಲ್ಲ ಎಂಬುದನ್ನು ನಾನು ಅನುಭವದಿಂದ ಕಂಡುಕೊಂಡಿದ್ದೇನೆ. ಬೆಳಗಾವಿಯ ಹಿಂದವಾಡಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಬಚ್ಚಲ ಬಾಗಿಲಿಗೆ ಆರು ವರ್ಷ ಚಿಲಕವಿರಲಿಲ್ಲ. ಒಳಗೆ ಹೋದವರು ಹಾಡುತ್ತಿರಬೇಕು ಎಂದು ಕಾಯಿದೆ ಮಾಡಿ ಆ ಸಮಸ್ಯೆಯನ್ನು ಬಗೆಹರಿಸಿದ್ದೆವು. ಹಾಡಲು ಬಾರದ ನಾನು ಮಗ್ಗಿ ಹೇಳುತ್ತಿದ್ದೆ. ಇಂಥ ನಾನು ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಖಾನಾಪುರದ ಮನೆಯೊಂದನ್ನು ರಿಪೇರಿ ಮಾಡಿಕೊಡಲು ಹೊರಟಾಗ ನನ್ನ ಹೆಂಡತಿ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂಬ ಗಾದೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪಾಪ, ಬುತ್ತಿ ಕಟ್ಟಿಕೊಟ್ಟೇ ಹೇಳಿದಳು.

ಆ ಮನೆ ನಮ್ಮ ಶಾಲೆಯ ಸಿಪಾಯಿ ಮಕ್ತುಮ್‌ಸಾಬರದು. ಬೆಳಗಾವಿಯಲ್ಲಿ ಕೋಟೆಯ ಕಡೆಗಿದ್ದ ಒಂದು ಹೈಸ್ಕೂಲಿನಲ್ಲಿ ನಾನು ಭೂಮಿತಿ ಕಲಿಸುತ್ತಿದ್ದೆ. ಅವರು ಗಂಟೆ ಹೊಡೆಯುತ್ತಿದ್ದರು. ದಿನಾ ಖಾನಾಪುರದಿಂದ ರೈಲಿನಲ್ಲಿ ಬರುತ್ತಿದ್ದ ಅವರು ಒಂದು ದಿನವೂ ತಡಮಾಡಿದವರಲ್ಲ. ಆದರೆ ಅವರ ಗಂಟೆಗೂ ನನ್ನ ಪಾಠದ ತಾಸಿಗೂ ಯಾಕೋ ಕೂಡಿಬರಲೇ ಇಲ್ಲ. ಆಕೃತಿ ಬರೆದು, ಕೋನಗಳಿಗೆ ಹೆಸರಿಟ್ಟು, "ಆದ್ದರಿಂದ" ಎಂದು ಮೂರು ಸಲ ಹೇಳಿ, ಇನ್ನೇನು ಪ್ರಮೇಯವನ್ನು ಸಾಧಿಸಿಯೇಬಿಟ್ಟೆ ಎನ್ನುವಾಗ ಢಣ್ ಎನ್ನುತ್ತಿತ್ತು. ಹುಡುಗರು ಆ ಕ್ಷಣದಲ್ಲಿ ತೋರಿಸುತ್ತಿದ್ದ ಚುರುಕನ್ನು ಭೂಮಿತಿಗೆ ತೋರಿಸಿದ್ದರೆ ಅವರೆಲ್ಲ ಇಂಜಿನಿಯರುಗಳಾಗಿರುತ್ತಿದ್ದರು. ನನಗೆ ವೇಳೆ ಸಾಲುತ್ತಿಲ್ಲ ಎಂದು ಮುಖ್ಯಾಧ್ಯಾಪಕರ ಹತ್ತಿರ ದೂರು ಒಯ್ದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಎಲ್ಲಾರಿಗೂ ನಲವತ್ತ ಮಿಂಟ ರೀ. ನಿಮಗಷ್ಟ ಯಾಕ ಸಾಲವಲ್ದು?" ಎಂದರು. ಹೊರಗೆ ಮಕ್ತುಮ್‌ಸಾಬರು ಗಡಿಯಾರಕ್ಕೆ ಕೀಲಿ ಕೊಡುತ್ತ ಬಹಳ ಗಂಭೀರವಾಗಿ ನಿಂತಿದ್ದರು.

ನಿವೃತ್ತಿಯಾದ ಎರಡೇ ವರ್ಷಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ತೊದಲಾಯಿತು. ಒಬ್ಬಳೇ ಮಗಳು ಮದುವೆಯಾಗಿ ಹೋಗಿದ್ದಳು; ಹೆಂಡತಿ ಮಾಬೂಬಿ ಹೆಂಚಿನ ಕಾರ್ಖಾನೆಯಲ್ಲಿ ಹೆಂಚು ಹೊತ್ತು ಮನೆ ನಡೆಸುತ್ತಿದ್ದಳು. ದಿನವಿಡೀ ಹೆಂಚು ಹೊರುವವಳ ಮನೆಯ ಮೇಲೆ ನೆಟ್ಟಗಿನ ಹೆಂಚು ಇರಲಿಲ್ಲ. ಖಾನಾಪುರದ ಮಳೆ ಸುಮ್ಮನೆ ಬಂದುಹೋಗುವ ಮಳೆಯಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಹೊರಸನ್ನು ಒಂದೇ ದಿನ ಐದು ಕಡೆ ಸರಿಸಬೇಕಾಯಿತಂತೆ. ಈ ಸುದ್ದಿ ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಸಂಬಳದ ಮರುದಿನವೇ ಶಿಕ್ಷಕರ ಕೋಣೆಯಲ್ಲಿ ಕೈಚಾಚಿ ಒಂದಿಷ್ಟು ವಂತಿಗೆ ಕೂಡಿಸಿದೆ. ಸುಡುವಾಗ ತುಸು ಸೊಟ್ಟಾಗಿ ಉಳಿದ ಹೆಂಚು, ಒಂದಿಷ್ಟು ಇಟ್ಟಂಗಿ, ಪರ್ಮಿಟ್ಟಿನ ಮೇಲೆ ಸಿಕ್ಕ ನಾಲ್ಕು ಚೀಲ ಸಿಮೆಂಟು, ಒಬ್ಬ ಗೌಂಡಿ, ಇಷ್ಟಕ್ಕೆ ಅದು ಸರಿಹೋಯಿತು. ಕೂಲಿಯಾಳಿಗೆ ಏನೂ ಉಳಿಯದಿದ್ದುದರಿಂದ ಮೇ ತಿಂಗಳ ರಜೆಯಲ್ಲಿ ನಾನೂ ವ್ಯಾಯಾಮದ ಮಾಸ್ತರ ಹುದ್ದಾರರೂ ಕೂಲಿಯಾಳಾದೆವು.

ಮೊದಲ ದಿನ ಮನೆ ನೋಡಲು ಹೋದಾಗ ಮಾಬೂಬಿ ಒಳಗಿದ್ದ ಗಂಡನ ಕಡೆ ತಿರುಗಿ, "ಸುನ್ಯಾ ಜೀ, ಮಾಸ್ತರ ಆಯೇ" ಎಂದಳು. ನಮಗೆ ಚಾಪೆ ಹಾಸಿ, "ಬರ್ರಿ, ಕುಂದರ್ರಿ" ಎಂದಳು. ಕೂರುವುದಕ್ಕೆ ನಮಗೆಲ್ಲಿ ಪುರಸೊತ್ತು! ನಾನು ಆಗಲೇ ಟೇಪು ಬಿಚ್ಚಿ ಗೋಡೆ ಅಳೆಯುತ್ತಿದ್ದೆ. ಮಕ್ತುಮ್‌ಸಾಬರು ಹೊರಸಿನ ಮೇಲೆ ಮಲಗಿ ನಮ್ಮನ್ನೇ ನೋಡುತ್ತಿದ್ದರು. ಅವರ ಎಡಗೈಗೆ ಎಟಕುವಂತೆ ಒಂದು ಹಳೆಯ ಹಿತ್ತಾಳೆ ತಾಟು ತೂಗುತ್ತಿತ್ತು. ಅದನ್ನು ಚಮಚದಿಂದ ಮೂರು ಸಲ ಬಡಿದರು. "ನೋಡ್ರಿ, ಗಂಟಿ ಹೊಡದ ಕೈ ಸುಮ್ಮನಿರೂದಿಲ್ಲ" ಎಂದು ಹುದ್ದಾರರು ನಕ್ಕರು. ನಾನೂ ನಕ್ಕು, ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟೆ. ಮರುದಿನ ಗಂಡಹೆಂಡಿರು ಗುಂಜಿಯಲ್ಲಿದ್ದ ಮಾಬೂಬಿಯ ತಮ್ಮನ ಮನೆಗೆ ಹೋದರು. ನಾವು ಹೆಂಚು ಇಳಿಸಿದೆವು.

ಹನ್ನೆರಡು ದಿನ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದೆವು. ಹುದ್ದಾರರು ಹೆಂಚುಗಳನ್ನು ಚೆಂಡಿನಂತೆ ಮೇಲಕ್ಕೆಸೆದರೆ ಗೌಂಡಿ ಪರಶುರಾಮ ಮೇಲೆ ಹಿಡಿಯುತ್ತಿದ್ದ. ನಾನೂ ಎಸೆಯಲು ಹೋಗಿ ಏಳು ಹೆಂಚು ಒಡೆದ ಮೇಲೆ ಪರಶುರಾಮ, "ಮಾಸ್ತರ, ನೀವು ಇಟ್ಟಂಗಿ ನೆನಿಸ್ರಿ. ಅದೂ ದೊಡ್ಡ ಕೆಲಸ ಐತಿ" ಎಂದ. ಹಾಗೆ ನಾನು ಇಟ್ಟಂಗಿಗಳನ್ನು ನೀರಲ್ಲಿ ಮುಳುಗಿಸಿ ಅವುಗಳ ಹತ್ತಿರ ಕೂತೆ. ನಮಗಿದ್ದ ಒಂದೇ ಸುಖವೆಂದರೆ ಮಧ್ಯಾಹ್ನದ ಮಜ್ಜಿಗೆ. ಹಿಂಗೋಡೆಯಲ್ಲಿ ಒಬ್ಬರ ಮುಖ ಕಾಣುವಷ್ಟು ಅಗಲದ ಒಂದು ಕಿಂಡಿಯಿತ್ತು. ಆ ಮನೆಯೂ ಹಿಂದಿನ ಓಣಿಯ ಗಂಗವ್ವನ ಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ನಡುವೆ ಒಂದೇ ಗೋಡೆ. ಗಂಗವ್ವ ಒಂಟಿ ಮುದುಕಿ, ಹಣೆಯ ತುಂಬ ವಿಭೂತಿ, ಮೊಣಕಾಲು ನೋವು, ಒಂದು ಎಮ್ಮೆ. ಬಿಸಿಲು ನೆತ್ತಿಗೆ ಬಂತೆಂದರೆ ಕಿಂಡಿಯಿಂದ ಒಂದು ಕೈ ಹೊರಬಂದು ಮಜ್ಜಿಗೆಯ ತಂಬಿಗೆ ಇಟ್ಟು ಮಾಯವಾಗುತ್ತಿತ್ತು.

ಹನ್ನೊಂದನೆಯ ದಿನ ಹೆಂಚು ಹೊದಿಸಿ ಮುಗಿಯಿತು. ಹದಿನಾಲ್ಕು ಇಟ್ಟಂಗಿ, ಅರ್ಧ ಚೀಲ ಸಿಮೆಂಟು ಉಳಿದವು. ಉಳಿದದ್ದನ್ನು ಸುಮ್ಮನೆ ಬಿಡುವುದು ಬಡವರ ದುಡಿಮೆಗೆ ಅವಮಾನ ಎಂದು ನನಗೆ ಅನಿಸಿತು. ಅಲ್ಲದೆ ಇಡೀ ಮನೆಯಲ್ಲಿ ನನ್ನ ಕೈಯ ಕೆಲಸ ಎಂದು ತೋರಿಸಲು ಏನೂ ಇರಲಿಲ್ಲ. ಆಗ ನನ್ನ ಕಣ್ಣು ಕಿಂಡಿಯ ಮೇಲೆ ಬಿತ್ತು. ಚೌಕವಲ್ಲ, ವೃತ್ತವಲ್ಲ, ಭೂಮಿತಿಯಲ್ಲಿ ಹೆಸರಿಲ್ಲದ ಆಕಾರ. ಇಲಿ ಬರುತ್ತದೆ, ರೋಗಿಗೆ ಥಂಡಿಗಾಳಿ ಹೊಡೆಯುತ್ತದೆ, ಎರಡು ಸಂಸಾರದ ನಡುವೆ ಮರೆ ಬೇಡವೇ ಎಂದು ನಾನೇ ಕಾರಣಗಳನ್ನು ಕೂಡಿಸಿಕೊಂಡೆ. ಪರಶುರಾಮ, "ಇರಲಿ ಬಿಡ್ರಿ ಮಾಸ್ತರ, ಅದೇನ ನಿಮಗ ತ್ರಾಸ ಕೊಡತೈತಿ?" ಎಂದ. ಕೇಳುವವರು ಯಾರು? ತೂಗುಗುಂಡು ಇಳಿಬಿಟ್ಟು ಸಾಲಿನ ಮೇಲೆ ಸಾಲು ಏರಿಸಿದೆ. ನಡುವೆ ಗಂಗವ್ವನ ಮುಖ ಕಾಣಿಸಿತು. "ಮುಚ್ಚತೀರೇನ್ರಿ?" ಎಂದಳು. "ಅವರ ಸಲುವಾಗಿನ ಮಾಡಾಕತ್ತೇವ್ರಿ" ಎಂದೆ. ಕೊನೆಯ ಇಟ್ಟಂಗಿಯನ್ನು ಆಕೆಯ ಮುಖದ ಮುಂದೆಯೇ ಕೂರಿಸಿದೆ. ಮರುದಿನ ಮಜ್ಜಿಗೆ ಬರಲಿಲ್ಲ. "ಎಮ್ಮಿ ಬತ್ತಿರಬೇಕು" ಎಂದರು ಹುದ್ದಾರರು. ಇರಬಹುದು ಎಂದು ನಾನೂ ಒಪ್ಪಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಖಾನಾಪುರಕ್ಕೆ ಹೋದೆ. ಯೋಗಕ್ಷೇಮ ವಿಚಾರಿಸಲು ಎಂದು ಹೆಂಡತಿಗೆ ಹೇಳಿದ್ದೆ. ಖರೇ ಹೇಳಬೇಕೆಂದರೆ ಹೊಗಳಿಸಿಕೊಳ್ಳಲು. ಮನೆ ಎಲ್ಲೂ ಸೋರುತ್ತಿರಲಿಲ್ಲ. ಕೆಲಸದ ದಿನವಾದರೂ ಮಾಬೂಬಿ ಮನೆಯಲ್ಲೇ ಇದ್ದಳು. ಚಹಾ ಕೊಟ್ಟಳು. "ಛಲೋ ಆಗೇತ್ರಿ ಮಾಸ್ತರ, ಒಂದ ಹನಿ ಬೀಳೂದಿಲ್ಲ" ಎಂದಳು. ಮಾತು ಹೊಗಳಿಕೆಯದೇ, ಮುಖ ಮಾತ್ರ ಸಾವಿನ ಮನೆಯದು. ಮಕ್ತುಮ್‌ಸಾಬರು ನಾನು ಕಟ್ಟಿದ ನೆಟ್ಟಗಿನ ಗೋಡೆಯನ್ನೇ ನೋಡುತ್ತ ಮಲಗಿದ್ದರು. ಈ ಹೊಗಳಿಕೆ ಸಾಲದೆ, ಇನ್ನಷ್ಟು ಸಿಗಬಹುದೆಂದು ಕೊಡೆ ಬಿಚ್ಚಿ, ಓಣಿ ಸುತ್ತಿ, ಗಂಗವ್ವನ ಮನೆಗೆ ಹೋದೆ.

ಗಂಗವ್ವ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದಳು. "ಇಪ್ಪತ್ತೈದ ವರ್ಷ ಆ ಕಿಂಡ್ಯಾಗ ಕೆಂಡ ಕೊಟ್ಟೇನಿ, ಆಕಿ ಕೂಸಿಗೆ ಹಾಲ ಕೊಟ್ಟೇನಿ" ಎಂದಳು. "ಸಾಬ ಮಲಗಿದ ಮ್ಯಾಲ ದಿನಾ ಆಕಿ ಕೆಲಸಕ್ಕ ಹೋದ್ರ ನಾನ ಇಲ್ಲಿಂದ ನೋಡಿಕೋತಿದ್ದೆ. ತಾಟು ಒಂದ ಸಲ ಬಡದ್ರ ನೀರು. ಎರಡ ಬಡದ್ರ, ಬಾಜೂ ಮನಿ ಹುಡುಗನ್ನ ಕೂಗಿ ಮಗ್ಗಲಾ ಬದಲಿಸೂದು. ನನ್ನ ಮಾರಿ ಬ್ಯಾಡಾಗಿದ್ರ ಬಾಯಿ ಬಿಟ್ಟ ಹೇಳಬೇಕಿತ್ತಲ್ರಿ. ಊರಿಗೆ ಹೋಗಿ ಕುಂತು ನಿಮ್ಮ ಕೈಲೆ ಮುಚ್ಚಸಬೇಕಿತ್ತೇನ?"

ಮತ್ತೆ ಓಣಿ ಸುತ್ತಿ ಮಾಬೂಬಿಯ ಹತ್ತಿರ ಓಡಿದೆ. ಕೇಳಿದೊಡನೆ ಆಕೆ ಸೆರಗು ಬಾಯಿಗೆ ಹಿಡಿದಳು. "ಅಕ್ಕಾನ ನಿಮಗ ಮುಚ್ಚಾಕ ಹೇಳ್ಯಾಳ ಅಂತ ತಿಳಕೊಂಡ್ನೆರಿ. ರೋಗಿಷ್ಟನ್ನ ಕಾಯೂದು ಆಕಿಗೂ ಬ್ಯಾಸರಾಗಿರಬೇಕು, ಮಾರಿ ನೋಡಿ ಹ್ಯಾಂಗ ಹೇಳತಾಳ ಅಂತ ನಾನೂ ಸುಮ್ಮನಾದ್ನಿರಿ." ಗಂಡನನ್ನು ಒಂಟಿಯಾಗಿ ಬಿಟ್ಟು ಹೋಗಲಾರದೆ ಆಕೆ ಕಾರ್ಖಾನೆಗೆ ಹೋಗದೆ ಹದಿನೈದು ದಿನವಾಗಿತ್ತು. ಸೋಮವಾರ ಬರದಿದ್ದರೆ ಬೇರೆಯವರನ್ನು ಹಚ್ಚಿಕೊಳ್ಳುತ್ತೇನೆಂದು ಕಾರ್ಖಾನೆಯ ಆಳುಗಳ ಮುಕಾದಮ ಹೇಳಿ ಕಳಿಸಿದ್ದ. "ಮತ್ತ ನನಗ ಒಂದ ಮಾತ ಯಾಕ ಹೇಳಲಿಲ್ಲವ್ವಾ?" ಎಂದೆ. "ಹನ್ನೆರಡ ದಿನಾ ಬಿಸಲಾಗ ದುಡದೀರಿ. ನಿಮಗ ಹ್ಯಾಂಗ ಹೇಳೂದ್ರಿ?" ಎಂದಳು. ಚಹಾದ ಕಪ್ಪು ಇನ್ನೂ ಅಲ್ಲೇ ಇತ್ತು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಿಲ್ಲ.

ಮೂರನೆಯ ಸಲ ಓಣಿ ಸುತ್ತಿದೆ. ಒಂದು ಕಿಂಡಿ ಸುಮ್ಮನೆ ಬಾಯಿ ತೆರೆದುಕೊಂಡು ಮಾಡುತ್ತಿದ್ದ ಕೆಲಸವನ್ನು ನಾನು ಆ ದಿನ ಕೊಡೆ ಹಿಡಿದು, ಕೆಸರು ತುಳಿದು, ಏದುಸಿರು ಬಿಡುತ್ತ ಮಾಡಿದೆ. ಗಂಗವ್ವನ ಮುಂದೆ ನಿಂತು, "ಅವರೂ ಹೇಳಿಲ್ಲ, ಯಾರೂ ಹೇಳಿಲ್ಲ. ಇಟ್ಟಂಗಿ ಉಳದಿದ್ದೂ ಅಂತ ನಾನ ಮುಚ್ಚಿದೆ" ಎಂದು ತಪ್ಪೊಪ್ಪಿಕೊಂಡೆ. ಆಕೆ ಒಳಗೆ ಹೋಗಿ ಒಂದು ಹಾರೆ ತಂದುಕೊಟ್ಟಳು. ಅದನ್ನು ಹೊತ್ತು ಮಾಬೂಬಿಯ ಮನೆಗೆ ಮರಳಿದೆ.

ಪರ್ಮಿಟ್ಟಿನ ಸಿಮೆಂಟನ್ನು ಆ ಮನೆಯಲ್ಲಿ ಎಲ್ಲೆಡೆ ಕೈ ಹಿಡಿದು ಬಳಸಿದ್ದೆವು. ಅಲ್ಲಿ ಮಾತ್ರ ನಾನು ಧಾರಾಳವಾಗಿ ಹಾಕಿದ್ದೆ. ಒಂದು ತಾಸು ಬಡಿದರೂ ಗೋಡೆ ಜಗ್ಗಲಿಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಗಟ್ಟಿಯಾದ ಕೆಲಸ ಇನ್ನೊಂದನ್ನು ಮಾಡಿಲ್ಲ. ಕೊನೆಗೆ ಒಂದು ಇಟ್ಟಂಗಿ ಉದುರಿತು, ಅದರ ಹಿಂದೆ ಉಳಿದವೂ, ಜೊತೆಗೆ ಹಳೆಯ ಗೋಡೆಯ ನಾಲ್ಕೂ ಉದುರಿದವು. ಕಿಂಡಿ ಮೊದಲಿಗಿಂತ ಅಗಲವಾಗಿ, ಮೊದಲಿಗಿಂತ ಸೊಟ್ಟಾಗಿ ತೆರೆದುಕೊಂಡಿತು. ಧೂಳು ಇಳಿದ ಮೇಲೆ ಆಚೆ ಗಂಗವ್ವನ ಮುಖ ಕಾಣಿಸಿತು. ಈಚೆಯಿಂದ ಮಾಬೂಬಿ ಕಿಂಡಿಯ ಹತ್ತಿರ ಬಂದು ನಿಂತಳು.

"ಮಜ್ಜಿಗಿ ಐತಿ, ಕೊಡ್ಲೇನ?" ಎಂದಳು ಗಂಗವ್ವ.

"ಕೊಡ ಅಕ್ಕಾ" ಎಂದು ಮಾಬೂಬಿ ಅಳುತ್ತಲೇ ನಕ್ಕಳು. "ಸೋಮವಾರ ನಾ ಕೆಲಸಕ್ಕ ಹೋಗಲ್ಯಾ?"

"ಹೋಗ, ನಾ ಎಲ್ಲಿ ಹೋಗೇನಿ?"

ನಾನು ಹಾರೆ ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದೆ. ಆಗ ತಾಟು ಮೂರು ಸಲ ಸದ್ದು ಮಾಡಿತು. ಗಂಗವ್ವನನ್ನು ಕರೆಯುತ್ತಿದ್ದಾರೆಂದು ನಾನು ಪಕ್ಕಕ್ಕೆ ಸರಿದೆ. ಆಕೆ ಕಿಂಡಿಯೊಳಗಿಂದ, "ನನಗಲ್ರಿ, ನಿಮಗ. ಮೂರ ಬಡದ್ರ, ಬಾಜೂಕ ಕುಂತು ಮಾತಾಡ ಅಂತ" ಎಂದಳು.

ಮೊದಲ ದಿನದ ಮೂರು ಬಡಿತ ನೆನಪಾಯಿತು. ಆ ಮನೆಯ ಉದ್ದ, ಅಗಲ, ಎತ್ತರ ಎಲ್ಲ ನನಗೆ ಬಾಯಿಪಾಠವಿತ್ತು; ಆ ಮನೆಯ ಯಜಮಾನನ ಹತ್ತಿರ ಒಂದು ಗಳಿಗೆ ಕೂತಿರಲಿಲ್ಲ. ಹೊರಸಿನ ಅಂಚಿಗೆ ಕೂತು ಅವರ ಎಡಗೈ ಹಿಡಿದುಕೊಂಡೆ. ಅವರು ತೊದಲುತ್ತ ಏನೋ ಹೇಳತೊಡಗಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಕಿಂಡಿಗೆ ಕಿವಿಯಿಟ್ಟಿದ್ದ ಗಂಗವ್ವ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನಿಮ್ಮ ತಾಸ ಇದ್ದಾಗ ಗಂಟಿ ಐದ ಮಿಂಟ ಮೊದಲ ಹೊಡೀತಿದ್ನಿ ಅಂತಾರ್ರಿ. ಹುಡುಗೂರ ಮಾರಿ ನೋಡಾಕ ಆಗತಿದ್ದಿಲ್ಲಂತ. ಮಾಫ ಮಾಡಬೇಕಂತ."

ಇಷ್ಟು ವರ್ಷ ಈ ಪಾಪವನ್ನು ಹೊತ್ತುಕೊಂಡು ಮಲಗಿದ್ದ ಮನುಷ್ಯನನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಮಾಸ್ತರಿಕೆ ಸುಮ್ಮನಿರುತ್ತದೆಯೇ? ಭೂಮಿತಿ ನೀವಂದುಕೊಂಡಷ್ಟು ಬೇಸರದ ವಿಷಯವಲ್ಲ, ಈ ಗೋಡೆಯನ್ನೇ ತೆಗೆದುಕೊಳ್ಳಿ, ಇದೊಂದು ಲಂಬರೇಖೆ, ಆದ್ದರಿಂದ ಎಂದು ನಾನು ಕೈಯೆತ್ತಿ ವಿವರಿಸತೊಡಗಿದೆ. ಮಕ್ತುಮ್‌ಸಾಬರು ತಮ್ಮ ಕೈ ಮೆಲ್ಲಗೆ ಬಿಡಿಸಿಕೊಂಡರು. ಚಮಚ ಎತ್ತಿ ತಾಟನ್ನು ಒಂದೇ ಸಮನೆ ಢಣಢಣಢಣ ಎಂದು ಬಾರಿಸಿದರು.

"ಇದಕ್ಕೇನ ಅರ್ಥ ಗಂಗವ್ವಾ?" ಎಂದೆ.

ಗಂಗವ್ವ ಕಿಂಡಿಯಾಚೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ತಾಸ ಮುಗೀತಂತ್ರಿ, ಮಾಸ್ತರ."