ಎರೆಭೂತ ಹಿಡಿದ ಹುಡುಗಿಗೆ ವರ ಬೇಕಾಗಿದೆ

ಕಾಡುಪ್ರಾಣಿಗಳ ಬೆನ್ನು ಹತ್ತಿದವರಿಗೆ ಕರಡಿ, ಚಿರತೆಗಳಿಂದ ಆಗುವ ಅನಾಹುತ ಬಹಳ ಕಡಿಮೆ. ಆಗುವುದೆಲ್ಲ ಮನುಷ್ಯರಿಂದ, ಅದೂ ವಾರಕ್ಕೊಂದರಂತೆ. ನಾನು ಬಳ್ಳಾರಿಯವಳು, ವನ್ಯಜೀವಿ ಸಂಶೋಧಕಿ. ಇದನ್ನು ಕೇಳಿದವರೆಲ್ಲ ಮೊದಲು ಕೇಳುವುದು, "ಬಳ್ಳಾರಿಯಾಗ ಕಾಡೆಲ್ಲೈತವ್ವ?" ಎಂದು. ಎರಡನೆಯ ಪ್ರಶ್ನೆ, "ಮದಿವಿ ಯಾವಾಗ?"

ಈ ಎರಡನೆಯ ಪ್ರಶ್ನೆಯೇ ನಮ್ಮವ್ವನ ನಿದ್ದೆ ಕೆಡಿಸಿತ್ತು. ನನ್ನ ಷರತ್ತು ಒಂದೇ: ಮದುವೆಯಾದರೂ ಕೆಲಸ ಬಿಡುವುದಿಲ್ಲ. ಅವ್ವನ ಷರತ್ತೂ ಒಂದೇ: "ಗಂಡಿನ ಕಡ್ಯಾರ ಮುಂದ ಸೈಂಟಿಸ್ಟ್ ಅನ್ನು, ಸಾಕು. ಯಾವುದರ ಸೈಂಟಿಸ್ಟ್ ಅಂತ ಬಾಯಿ ಬಿಡಬ್ಯಾಡ."

ಯಾರಿಗೆ ಹಿಡಿದಿದೆ?

ಎರೆಭೂತ ಎಂದರೆ ಒಂದು ಹಕ್ಕಿ. ಎರೆಹೊಲದಲ್ಲಿ ಗಂಭೀರವಾಗಿ ಹೆಜ್ಜೆ ಹಾಕುವ, ಸೊಂಟದೆತ್ತರದ ಹಕ್ಕಿ. ಈಗ ಕಾಣಸಿಗುವುದೇ ಅಪರೂಪ. ಅದನ್ನು ನೋಡಿದವರು ಯಾರಾದರೂ ಸಿಗಬಹುದೆಂದು ಸಿರುಗುಪ್ಪದ ಕಡೆಯ ಒಂದು ಹಳ್ಳಿಗೆ ಹೋಗಿ, ಚಹಾದಂಗಡಿಯವನನ್ನು ಕೇಳಿದೆ.

"ಈ ಕಡಿ ಎರೆಭೂತ ಕಂಡೀರೇನ್ರಿ?"

ಚಹಾ ಸೋಸುತ್ತಿದ್ದ ಅವನ ಕೈ ಅಲ್ಲೇ ನಿಂತಿತು. "ಯಾರಿಗೆ ಹಿಡದೈತ್ರಿ ಯಕ್ಕಾ?"

ಬೆಂಚಿನ ಮೇಲಿದ್ದ ಅಜ್ಜ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಕೊರಳಲ್ಲಿ ದುರ್ಬೀನು, ತಲೆ ತುಂಬ ಧೂಳು, ಬಿಸಿಲಿಗೆ ಕೆಂಪಾದ ಕಣ್ಣು. "ಕೇಳೂದೇನೈತಲೇ, ಈಕಿಗೇ ಹಿಡದೈತಿ. ಅಮಾಸಿಗೆ ಬಾರವ್ವ, ತಾಯತ ಕಟ್ಟಸೋಣು."

ಗಾಬರಿಯಾಗಿ ಮೊಬೈಲಿನಲ್ಲಿ ಹಕ್ಕಿಯ ಚಿತ್ರ ತೋರಿಸಿದೆ. ಅಜ್ಜನ ಮುಖ ಅರಳಿತು. "ಅಯ್ಯ, ಇದಾ! ಸಣ್ಣಾವ ಇದ್ದಾಗ ನಮ್ಮ ಹೊಲದಾಗ ನೋಡೀನಿ. ಆಮ್ಯಾಲ ಇಲ್ಲ." ಹಕ್ಕಿ ಹೋಗಿ ಊರಲ್ಲಿ ಬರೀ ಭೂತ ಉಳಿದಿದೆಯಲ್ಲ ಎನಿಸಿತು. ಆದರೆ ಅಂಗಡಿಯವನಿಗೆ ಇನ್ನೂ ಸಮಾಧಾನವಿರಲಿಲ್ಲ.

"ಅದಿರ್ಲಿ, ನಿಮಗ ಯಾವಾಗಿಂದ ಹಿಂಗ ಆಗೈತಿ?"

"ಪಿಎಚ್.ಡಿ.ಗೆ ಸೇರಿದಾಗಿಂದ್ರಿ," ಎಂದು ನಗುತ್ತ ಹೇಳಿ ಬಂದುಬಿಟ್ಟೆ.

ಅದೇ ತಪ್ಪಾಯಿತು. ಆಗ ನನಗೆ ನೋಡುತ್ತಿದ್ದ ಸಿರುಗುಪ್ಪದ ಸಂಬಂಧದವರಿಗೆ ಈ ಅಂಗಡಿಯವನು ಬೀಗನಂತೆ. ನಾಲ್ಕೇ ದಿನದಲ್ಲಿ ಅವ್ವನಿಗೆ ಫೋನು ಬಂತು. "ತಪ್ಪು ತಿಳ್ಕಾಬ್ಯಾಡ್ರಿ, ನಿಮ್ಮ ಹುಡಿಗಿಗೆ ಪಿಎಚ್.ಡಿ. ಅನ್ನೋ ಭೂತ ಹಿಡದೈತಂತಲ್ರಿ?"

ಕರಡಿಯ ಬದಲು ಬಂದವರು

ಇನ್ನೊಂದು ಸಲ ಕುರುಗೋಡಿನ ಗುಡ್ಡದ ಬಂಡೆಗಳ ನಡುವೆ ಕರಡಿಗಾಗಿ ಕ್ಯಾಮೆರಾ ಕಟ್ಟಿದ್ದೆ. ಮುಂದೆ ಏನು ಹಾದರೂ ತಾನೇ ಫೋಟೋ ಹೊಡೆಯುವ ಕ್ಯಾಮೆರಾ ಅದು. ಕರಡಿಯ ಎತ್ತರಕ್ಕೆ ಬೇಕಲ್ಲ ಎಂದು ಮೊಣಕಾಲಿನ ಮಟ್ಟದಲ್ಲಿ ಕಟ್ಟಿದ್ದೆ.

ವಾರ ಬಿಟ್ಟು ಅದರ ಕಾರ್ಡನ್ನು ಮನೆಗೆ ತಂದು ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ತೆರೆದೆ. ಮೊದಲನೆಯದು ಮೇಕೆ. ಎರಡನೆಯದೂ ಮೇಕೆ. ಮೂರನೆಯದು ಮೇಕೆ ಕಾಯುವವನ ಎರಡು ಕಾಲು. ನಾಲ್ಕನೆಯದರಲ್ಲಿ ಅದೇ ಮನುಷ್ಯ ಬಗ್ಗಿ, ಕ್ಯಾಮೆರಾದೊಳಗೆ ಒಂದು ಕಣ್ಣಿಟ್ಟು ನೋಡುತ್ತಿದ್ದಾನೆ.

ಮರುದಿನದ ಚಿತ್ರದಲ್ಲಿ ಅವನ ಇಡೀ ಕುಟುಂಬವಿತ್ತು! ಗಂಡಸರಿಗೆ ಇಸ್ತ್ರಿ ಅಂಗಿ, ಹೆಂಗಸರಿಗೆ ರೇಷ್ಮೆ ಸೀರೆ, ಅಜ್ಜಿಗೆ ತಲೆ ತುಂಬ ಮಲ್ಲಿಗೆ. ಕ್ಯಾಮೆರಾ ಕೆಳಗಿತ್ತಲ್ಲ, ಪಾಪ, ಎಲ್ಲರೂ ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಯಾರ ಮುಖದಲ್ಲೂ ನಗುವಿಲ್ಲ, ಪಡಿತರ ಚೀಟಿಯ ಫೋಟೋಕ್ಕೆ ಕೂತಷ್ಟೇ ಗಂಭೀರ.

ಇಷ್ಟು ಜನ ಓಡಾಡಿದ ಮೇಲೆ ಕರಡಿ ಬರುವುದುಂಟೇ? ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅವ್ವ ಹಿಂದಿನಿಂದ ಬಂದು, ಕನ್ನಡಕ ಏರಿಸಿ, ಚಿತ್ರವನ್ನು ಬಹಳ ಹೊತ್ತು ನೋಡಿದಳು. ಮಗಳ ದುಃಖ ಅರ್ಥವಾಯಿತೇನೋ ಎಂದುಕೊಂಡೆ.

"ಈ ಎಡಗಡಿ ತುದೀಗೆ ಕುಂತಾನಲ್ಲ," ಎಂದಳು, "ಇವಗ ಮದಿವಿ ಆಗೈತೇನು?"

ನೀರಾಗ ಇದ್ದದ್ದು ಖರೆ

ಮತ್ತೊಂದು ದಿನ ಬೇರೆ ಗಂಡಿನ ಕಡೆಯವರು ಸಂಜೆಗೆ ಬರುವವರಿದ್ದರು. ಮಧ್ಯಾಹ್ನ ರಾರಾವಿಯಿಂದ ಒಬ್ಬ ರೈತರ ಫೋನು ಬಂತು. ಹೊಳೆದಂಡೆಯಲ್ಲಿ ನೀರುನಾಯಿ ಕಂಡರೆ ತಿಳಿಸಿ ಎಂದು ಅವರಿಗೆ ನಂಬರು ಕೊಟ್ಟಿದ್ದೆ.

"ಮೇಡಂ, ನೀರ್ನಾಯಿ ಸಿಕ್ಕೈತಿ. ಕಟ್ಟಿ ಹಾಕೀನಿ, ಲಗೂನ ಬರ್ರಿ."

"ಅಯ್ಯೋ, ಕಟ್ಟಬ್ಯಾಡ್ರಿ! ಕಚ್ಚತೈತ್ರಿ! ಮುಟ್ಟಬ್ಯಾಡ್ರಿ!"

"ಏ, ಭಾಳ ಸಾಧು ಐತ್ರಿ. ರೊಟ್ಟಿ ತಿನ್ನಾಕತ್ತೈತಿ."

ಮೀನು ತಿನ್ನುವ ಪ್ರಾಣಿ ರೊಟ್ಟಿ ತಿನ್ನುತ್ತಿದೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅವ್ವ ಆಗಲೇ ಉಡಿಸಿ ಕೂರಿಸಿದ್ದ ರೇಷ್ಮೆ ಸೀರೆಯಲ್ಲೇ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಆಟೋ ಹಿಡಿದು ರಾರಾವಿ ಮುಟ್ಟಿದಾಗ, ಬೇವಿನ ಮರಕ್ಕೆ ಕಟ್ಟಿದ್ದ ಒಂದು ಒದ್ದೆ ಬೀದಿನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು.

"ಇದು ನಾಯಿ ಐತಲ್ರಿ!" ಎಂದೆ.

"ಹೌದ್ರಿ, ನಾಯೀನ."

"ನಾ ಹೇಳಿದ್ದು ನೀರುನಾಯಿ."

"ನೀರಾಗ ಇತ್ತು, ನಾಯೀನೂ ಐತಿ," ರೈತರಿಗೂ ಸಿಟ್ಟು ಬಂದಿತ್ತು. "ಇದರ ಮ್ಯಾಲ ಇನ್ನೇನು ಬೇಕ್ರಿ ನಿಮಗ?"

ನಾನು ಮನೆ ಸೇರುವಷ್ಟರಲ್ಲಿ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಹೋಗಿಬಿಟ್ಟಿದ್ದರು. ಹುಡುಗಿ ಎಲ್ಲಿ ಎಂದು ಅವರು ಕೇಳಿದ್ದಕ್ಕೆ ಅಪ್ಪ, ಸುಳ್ಳು ಹೇಳಲು ಬಾರದ ಮನುಷ್ಯ, "ನಾಯಿ ನೋಡಾಕ ಹೋಗ್ಯಾಳ್ರಿ" ಎಂದಿದ್ದರಂತೆ. ಗಂಡಿನ ತಂದೆ ಎದ್ದು ನಿಂತು, "ಮೊದಲು ನಾಯಿ ನೋಡೂದು ಮುಗೀಲಿ ಬಿಡ್ರಿ, ಆಮ್ಯಾಲ ನಮ್ಮ ಹುಡುಗನ್ನ ನೋಡಂತ್ರಿ" ಎಂದು ಚಪ್ಪಲಿ ಮೆಟ್ಟಿದರಂತೆ.

ಯಾವ ವಾಸನೆ?

ಕೊನೆಗೆ ಕುರುಗೋಡಿನಿಂದ ಒಂದು ಸಂಬಂಧ ಬಂತು. ಕಿರಾಣಿ ವ್ಯಾಪಾರದ ಮನೆತನ, ನಮ್ಮಂತೆಯೇ ಲಿಂಗ ಕಟ್ಟುವವರು, ಮೊಟ್ಟೆಯನ್ನೂ ಮನೆಯೊಳಗೆ ಬಿಡದವರು. ಹುಡುಗ ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದ. ಫೋಟೋದಲ್ಲೇ ನನಗೆ ಹಿಡಿಸಿದ್ದ, ಸುಳ್ಳೇಕೆ ಹೇಳಲಿ.

ಅವ್ವ ಹಣೆ ತುಂಬ ವಿಭೂತಿ ಹಚ್ಚಿಕೊಂಡು, "ಇದೊಂದು ತಪ್ಪಿದ್ರ ನಾ ಇನ್ನ ಯಾರನ್ನೂ ಕರ್ಯಂಗಿಲ್ಲ" ಎಂದು ಎಚ್ಚರಿಸಿದಳು. ಅವರು ಬಂದರು, ಕೂತರು. ಆದರೆ ಬಳ್ಳಾರಿಯ ಏಪ್ರಿಲ್ ನೋಡಿ, ಬೆಳಿಗ್ಗೆಯೇ ಹೋದ ಕರೆಂಟು ಬಂದಿರಲಿಲ್ಲ. ನಡುಮನೆಯ ಮೂಲೆಯಲ್ಲಿದ್ದ ಫ್ರಿಜ್ಜಿನಿಂದ ಸಣ್ಣಗೆ ಒಂದು ವಾಸನೆ ಹೊರಟಿತು. ಹುಡುಗನ ತಾಯಿ ಮೂಗಿಗೆ ಸೆರಗು ಹಿಡಿದರು. ಹುಡುಗನ ಸೋದರಮಾವ ಎರಡು ಸಲ ಮೂಸಿ ನೋಡಿ ನೇರವಾಗಿ ಕೇಳಿಯೇಬಿಟ್ಟರು.

"ಏನ್ರೀ ಯಜಮಾನ್ರ, ನಿಮ್ಮ ಮನಿಯಾಗ ಮೀನಾ ತಿಂತೀರೇನು?"

ಅಪ್ಪ ಅವ್ವನ ಮುಖ ನೋಡಿದರು. ಅವ್ವ ಗೋಡೆಗೆ ಒರಗಿದಳು. ಹುಡುಗ ನನ್ನನ್ನೇ ನೋಡುತ್ತಿದ್ದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಏಳು ತಲೆಮಾರಿನ ಮಾನ ಹೋಗುತ್ತಿತ್ತು. ಎದ್ದು ನಿಂತೆ.

"ಮೀನಲ್ರಿ. ಅದು ನೀರುನಾಯಿ ಲದ್ದಿ. ಕೆಂಚನಗುಡ್ಡದ ಹೊಳಿದಂಡಿಯಿಂದ ನಾನ ಆರಿಸಿಕೊಂಡು ಬಂದು ಡಬ್ಬಿಯಾಗ ಇಟ್ಟೀನಿ. ಅದು ಮೀನಾ ತಿಂತೈತಿ, ಅದಕ ಹಂಗ ನಾರತೈತಿ. ಅದನ್ನ ಪರೀಕ್ಷಿ ಮಾಡೂದ ನನ್ನ ಕೆಲಸ. ಮದಿವಿ ಆದಮ್ಯಾಲೂ ಇದ ಕೆಲಸ, ಇವಽ ಡಬ್ಬಿ."

ಅವ್ವ ಕಣ್ಣು ಮುಚ್ಚಿ "ಶಿವಶಿವಾ" ಎಂದಳು.

ಹುಡುಗನ ತಾಯಿ ಮೆಲ್ಲಗೆ ಸೆರಗು ಇಳಿಸಿದರು. "ಲದ್ದಿ? ಬರೇ ಲದ್ದಿ?"

"ಹೌದ್ರಿ."

"ಅಯ್ಯ ನನ ತಾಯಿ!" ಅವರು ಎದೆಯ ಮೇಲೆ ಕೈ ಇಟ್ಟು ದೊಡ್ಡ ಉಸಿರು ಬಿಟ್ಟರು. "ನಾ ಮೀನಾ ಅಂತ ತಿಳಕೊಂಡು ಜೀವಾನ ಹೋಗಿತ್ತು!"

"ಅದರೊಳಗ ಮೀನದ ಮುಳ್ಳು ಇರತಾವಲ್ಲಕ್ಕ," ಮಾವ ತಕರಾರು ತೆಗೆದರು.

"ಅದು ತಿಂದೈತಿ, ಈಕಿ ತಿಂದಿಲ್ಲಲ್ಲ! ಸುಮ್ಮನ ಕುಂದರು." ತಮ್ಮನನ್ನು ಗದರಿ ಅವರು ನನ್ನ ಕಡೆ ತಿರುಗಿದರು. ಹುಡುಗ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ಮೈಯೆಲ್ಲ ಕುಲುಕಿಸಿ ನಗುತ್ತಿದ್ದ.

"ನಮ್ಮ ಮನಿಯಾಗ ಫ್ರಿಜ್ಜು ದೊಡ್ಡದೈತವ್ವ, ಬೇಕಾದಷ್ಟು ಲದ್ದಿ ಇಟ್ಕೊ," ಎಂದು ಅವರು ನನ್ನ ಕೈ ಹಿಡಿದುಕೊಂಡರು. "ಆದ್ರ ಒಂದು ಮಾತು ಮೊದಲಽ ಹೇಳೀನಿ, ಅದರ ಬಾಜೂಕ ಮೊಟ್ಟಿ ಗಿಟ್ಟಿ ಇಟ್ಟೀ ಅಂದ್ರ, ಮನಿ ಮೈಲಿಗಿ ಆಗತೈತಿ!"