ಎರಡು ಕೀಲಿಯ ಸರ್ವರ್

ನಮ್ಮ ಕಾಕಾನಷ್ಟು ಅನುಮಾನದ ಮನುಷ್ಯ ಯಾದಗಿರಿ ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಹೇಳಿದರೆ, ಮೊದಲು ಅನುಮಾನಪಡುವವನು ಅವನೇ! "ಜಿಲ್ಲಾ ಪೂರಾ ತಿರುಗಿ ನೋಡೀಯೇನು? ಯಾರ ಎದುರು ನೋಡಿದಿ?" ಎಂದು ಕೇಳುತ್ತಾನೆ. (ಕಾಕಾನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಯಲ್ಲಿ ಕಾಕಾನಿಗೆ 'ನೀವು' ಅಂದರೆ ಸಿಟ್ಟು ಬಂದಿದೆ ಎಂದೇ ಅರ್ಥ.)

ತಪ್ಪು ಅವನದಲ್ಲ, ಖಜಾನೆಯದು. ಮೂವತ್ತೆಂಟು ವರ್ಷ ಖಜಾನೆ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಅಲ್ಲಿಯ ಭದ್ರಕೋಣೆಗೆ ಎರಡು ಕೀಲಿ. ಒಂದರ ಕೀಲಿಕೈ ಸಾಹೇಬರ ಹತ್ತಿರ, ಇನ್ನೊಂದರದು ಕಾಕಾನ ಹತ್ತಿರ. ಇಬ್ಬರೂ ಕೂಡಿ ಬಂದರಷ್ಟೇ ಬಾಗಿಲು ತೆರೆಯಬೇಕು, ಅದು ಕಾಯ್ದೆ. ನಿವೃತ್ತನಾಗಿ ಭೀಮರಾಯನಗುಡಿಯ ಮನೆಗೆ ಬಂದವನು ಅದೇ ಕಾಯ್ದೆಯನ್ನು ಅಡಿಗೆಮನೆಯ ಕಪಾಟಿಗೂ ಜಾರಿ ಮಾಡಿದ! ಒಂದು ಕೀಲಿಕೈ ಕಾಕಿಯ ಸೆರಗಿನ ಗಂಟಿನಲ್ಲಿ, ಇನ್ನೊಂದು ಇವನ ಉಡದಾರದಲ್ಲಿ. ಚಹಾಪುಡಿ ಬೇಕಾದರೆ ಗಂಡ ಹೆಂಡತಿ ಇಬ್ಬರೂ ಹಾಜರಾಗಬೇಕು. ಎಂಟು ದಿನ ತಡೆದುಕೊಂಡ ಕಾಕಿ ಒಂಬತ್ತನೆಯ ದಿನ ಕಪಾಟಿನ ಬಾಗಿಲನ್ನೇ ಕಳಚಿ ಹಿತ್ತಲಲ್ಲಿಟ್ಟಳು. "ಈಗ ಹಾಕ್ರಿ ಕೀಲಿ, ಎಷ್ಟ್ ಬೇಕಾದ್ರೂ ಹಾಕ್ರಿ" ಅಂದಳು.

ಕಾಕಿಯ ಪುಣ್ಯಕ್ಕೆ, ಶಹಾಪುರದಲ್ಲಿ ನಾನು ಕಂಪ್ಯೂಟರ್ ಕಲಿಸುವ ಶಾಲೆಯವರು ಕಾಕಾನನ್ನು ಕರೆದು ಸಾಮಾನು ಸರಂಜಾಮಿನ ಉಸ್ತುವಾರಿ ಒಪ್ಪಿಸಿದರು. ಸಂಬಳವಿಲ್ಲ, ಕುರ್ಚಿ ಉಂಟು. ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದವನಿಗೆ ಮತ್ತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳಲು ಒಂದು ಕಾರಣ ಸಿಕ್ಕಿತು. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಅದೇ ಹೊತ್ತಿಗೆ ಶಾಲೆಗೆ ಹೊಸ ಸರ್ವರ್ ಬಂತು. ಸರ್ವರ್ ಎಂದರೆ ಉಳಿದ ಕಂಪ್ಯೂಟರುಗಳಿಗೆಲ್ಲ ಹಿರಿಯಣ್ಣ. ಮಕ್ಕಳ ಹಾಜರಿ, ಅಂಕಪಟ್ಟಿ, ದಾಖಲಾತಿ ಎಲ್ಲ ಅದರ ಹೊಟ್ಟೆಯಲ್ಲೇ. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಕಂಪನಿಯವರೇ ಒಳಗೆ ಹಾಕಿ ಕಳಿಸಿದ್ದರು. ವೈರು ಚುಚ್ಚಿ, ಗುಂಡಿ ಒತ್ತಿ, ಅದು ಕೇಳುವ ನಾಲ್ಕಾರು ಪ್ರಶ್ನೆಗೆ ಉತ್ತರ ಕೊಟ್ಟರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಕಾಕಾ ಅದನ್ನು ಮೂರು ದಿನ ಮಾಡಿದ!

"ಒಳಗ ಮೊದಲೇ ಹಾಕ್ಯಾರ ಕಾಕಾ."

"ಯಾರು ಹಾಕ್ಯಾರ?"

"ಕಂಪನಿಯವ್ರು."

"ಯಾರ ಎದುರು ಹಾಕ್ಯಾರ? ಸೀಲ್ ಎಲ್ಲಿ ಅದ? ನಾ ಕಣ್ಣಿಲೆ ನೋಡಲಾರದ್ದು ಒಳಗ ಅದ ಅಂತ ರಿಜಿಸ್ಟರಿನ್ಯಾಗ ಹೆಂಗ ಬರೀಲವ್ವಾ?"

ಆಪರೇಟಿಂಗ್ ಸಿಸ್ಟಮ್ ಏನು ಜೋಳದ ಚೀಲವೇ, ಬಿಚ್ಚಿ ತೋರಿಸಲು? ಕೊನೆಗೆ ಡಬ್ಬದ ಬದಿಗೆ ಅಂಟಿಸಿದ್ದ ಚೀಟಿ ತೋರಿಸಿದೆ. ಅದರಲ್ಲಿ, ಒಳಗಿನ ಸಿಸ್ಟಮ್ ಅಸಲಿ ಎಂಬುದಕ್ಕೆ ಕಂಪನಿ ಕೊಟ್ಟ ಇಪ್ಪತ್ತೈದು ಅಕ್ಷರಗಳ ಒಂದು ನಂಬರು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಬರೆದುಕೊಂಡ, ನನ್ನಿಂದ ಓದಿಸಿದ, ತಾನು ಓದಿದ, ಮುಖ್ಯೋಪಾಧ್ಯಾಯರಿಂದಲೂ ಓದಿಸಿದ. ಅಲ್ಲಿಗೆ ಮೊದಲ ದಿನ ಮುಗಿಯಿತು.

ಎರಡನೆಯ ದಿನ ಗುಂಡಿ ಒತ್ತಿದೆವು. ಪರದೆಯ ಮೇಲೆ ಉದ್ದಾನುದ್ದ ಒಪ್ಪಂದ ಬಂತು. ಎಲ್ಲರೂ ಓದದೆ 'ಒಪ್ಪಿದೆ' ಎಂದು ಒತ್ತುವಂಥದು. ಈ ಲೋಕದಲ್ಲಿ ಅದನ್ನು ಪೂರಾ ಓದಿದವರು ಇಬ್ಬರೇ: ಬರೆದ ವಕೀಲ ಮತ್ತು ನಮ್ಮ ಕಾಕಾ. ವಕೀಲನ ಬಗ್ಗೆ ನನಗೆ ಖಾತ್ರಿಯಿಲ್ಲ! ಇಂಗ್ಲಿಷಿನಲ್ಲಿದ್ದ ಅದನ್ನು ಸಾಲು ಸಾಲಾಗಿ ನನ್ನಿಂದ ಕನ್ನಡದಲ್ಲಿ ಹೇಳಿಸಿಕೊಂಡ. ನನ್ನ ಗಂಟಲು ಒಣಗಿ, ಎರಡು ಸಲ ಚಹಾ ತರಿಸಿ, ಕೊನೆಯ ಸಾಲಿಗೆ ಬಂದೆವು. 'ನಾನು ಒಪ್ಪಿದ್ದೇನೆ.'

"ನಾನು ಅಂದ್ರ ಯಾರು?" ಎಂದ ಕಾಕಾ.

"ಯಾರು ಒತ್ತತಾರೋ ಅವ್ರು."

"ಹಂಗಾದ್ರ ನೀ ಕೈ ತಗಿ. ನಾನೂ ಒತ್ತಂಗಿಲ್ಲ. ಹೆಡ್ ಮಾಸ್ತರ್‌ನ ಕರಿ."

ಹತ್ತನೆಯ ತರಗತಿಗೆ ಗಣಿತ ಹೇಳುತ್ತಿದ್ದ ಮುಖ್ಯೋಪಾಧ್ಯಾಯರು ಸೀಮೆಸುಣ್ಣ ಹಿಡಿದುಕೊಂಡೇ ಬಂದರು. "ಏನ್ರೀ ಸಾಹೇಬ್ರ, ಒಂದ್ ಗುಂಡಿ ಒತ್ತಾಕ ನಾನೇ ಬರಬೇಕೇನ್ರಿ?"

"ಸಾಲಿ ಜಿಮ್ಮೇದಾರಿ ಯಾರ್ದ್ರೀ? ನಿಮ್ದಲ್ಲ? ಒತ್ರಿ ಮತ್ತ!"

ಪಾಪ, ಅವರು ಒತ್ತಿದರು. ಆ ಮೌಸಿನ ಮೇಲೆ ಸುಣ್ಣದ ಬೆರಳಗುರುತು ಬಹಳ ದಿನ ಉಳಿದಿತ್ತು. ಕಾಕಾ ಅದನ್ನು ಒರೆಸಗೊಡಲಿಲ್ಲ, ಪುರಾವೆಯಂತೆ!

ಮೂರನೆಯ ದಿನ ಪಾಸ್‌ವರ್ಡ್. ಸರ್ವರನ್ನು ಆಳುವವರಿಗೆ ಒಂದು ಗುಟ್ಟಿನ ಪದ ಬೇಕಲ್ಲ, ಅದು. ಕಾಕಾನ ಕಣ್ಣು ಮಿಂಚಿತು. "ಅಂದ್ರ ಇದು ಕೀಲಿಕೈ! ಒಬ್ಬರ ಕೈಯಾಗ ಕೊಡಾಕ ಬರಂಗಿಲ್ಲ. ಮೊದಲರ್ಧ ನಂದು, ಉಳಿದರ್ಧ ನಿಂದು. ನಾ ಹೊಡಿಯೋವಾಗ ನೀ ಬೆನ್ನು ಮಾಡು, ನೀ ಹೊಡಿಯೋವಾಗ ನಾ ಬೆನ್ನು ಮಾಡತೀನಿ."

ಆಯಿತು. ಅವನು ಒಂದೇ ಬೆರಳಲ್ಲಿ ತನ್ನ ಅರ್ಧ ಕುಟ್ಟಿದ, ನಾನು ಗೋಡೆ ನೋಡಿದೆ. ನಾನು ಆರು ಅಕ್ಷರ ಕುಟ್ಟಿದೆ, ಅವನು ಗೋಡೆ ನೋಡಿದ. ಆ ಹಾಳು ಯಂತ್ರ 'ಇನ್ನೊಮ್ಮೆ ಹಾಕಿ' ಅಂದಿತು. ಮತ್ತೆ ಗೋಡೆ, ಮತ್ತೆ ಗೋಡೆ. 'ಎರಡೂ ಹೊಂದುತ್ತಿಲ್ಲ' ಅಂದಿತು!

"ನಿಂದೇ ತಪ್ಪು" ಎಂದ ಕಾಕಾ.

"ನಿಂದ್ಯಾಕ ಇರಬಾರದು?"

"ಮೂವತ್ತೆಂಟು ವರ್ಷದಾಗ ನನ್ನ ಕೀಲಿಕೈ ಒಮ್ಮೆನೂ ತಪ್ಪಿಲ್ಲ!"

ನಾಲ್ಕನೆಯ ಸಲಕ್ಕೆ ಹೊಂದಿತು. ಸರ್ವರ್ ಎದ್ದಿತು.

ಸಾಮಾನೆಲ್ಲ ರಿಜಿಸ್ಟರಿಗೆ ಏರಿದ ಮೇಲೆ ಕಾಕಾನಿಗೆ ಶಾಲೆಯಲ್ಲಿ ದಿನದ ಕೆಲಸವೇನೂ ಉಳಿಯಲಿಲ್ಲ. ಆದರೆ ಕರೆಂಟು ಹೋಗಿ ಸರ್ವರ್ ಮಲಗಿದಾಗಲೆಲ್ಲ ಅವನು ಬರಲೇಬೇಕು. ಮುಖ್ಯೋಪಾಧ್ಯಾಯರ ಬೈಕಿನ ಹಿಂದೆ ಮದುಮಗನ ಹಾಗೆ ಕೂತು ಬರುತ್ತಿದ್ದ. ದಾರಿಯ ಹೋಟೆಲಿನವನಿಗೆ "ನಾ ಹೋಗದಿದ್ರ ಸಾಲಿ ತೆರಿಯಂಗಿಲ್ಲ ನೋಡು" ಎಂದು ಹೇಳದೆ ಮುಂದೆ ಹೋಗುತ್ತಿರಲಿಲ್ಲ. ಒಮ್ಮೆ ಅವನು ಕಕ್ಕೇರಾಕ್ಕೆ ಮದುವೆಗೆ ಹೋದ ದಿನವೇ ಕರೆಂಟು ಹೋಯಿತು. ಫೋನಿನಲ್ಲೇ ಆ ಅರ್ಧ ಹೇಳಿ ಎಂದು ಮುಖ್ಯೋಪಾಧ್ಯಾಯರು ಗೋಗರೆದರು. "ಕೀಲಿಕೈ ಫೋನಿನ್ಯಾಗ ಕೊಡತಾರೇನ್ರಿ?" ಎಂದವನು ಹೋಳಿಗೆ ಊಟ ಬಿಟ್ಟು, ಎರಡು ಬಸ್ಸು ಬದಲಿಸಿ, ಹಣೆಯ ಮೇಲೆ ಅಕ್ಷತೆಯ ಸಮೇತ ಬಂದಿಳಿದ.

ಅವನನ್ನು ಬಸ್ಸಿಗೆ ಹತ್ತಿಸಿ ಬಂದ ಮುಖ್ಯೋಪಾಧ್ಯಾಯರು ನನ್ನ ಮುಂದೆ ಕೈಮುಗಿದರು. "ಮೇಡಂ, ನಿಮ್ಮ ಕಾಕಾಗ ಗೊತ್ತಾಗಲಾರದಂಗ ಬ್ಯಾರೆ ಏನರ ದಾರಿ ಮಾಡ್ರಿ." ಮಾಡಿದೆ. ನನ್ನ ಹೆಸರಿನಲ್ಲೇ ಇನ್ನೊಂದು ಖಾತೆ ತೆರೆದು, ಅದಕ್ಕೂ ಸರ್ವರಿನ ಪೂರಾ ಅಧಿಕಾರ ಕೊಟ್ಟೆ. ಆದರೆ ಬಳಸಲಿಲ್ಲ. ಬೈಕಿನಿಂದ ಇಳಿದು ಅಂಗಿಯ ಮಡಿಕೆ ಸರಿಮಾಡಿಕೊಳ್ಳುವ ಕಾಕಾನನ್ನು ನೋಡಿದರೆ ಮನಸ್ಸೇ ಬರುತ್ತಿರಲಿಲ್ಲ. ಆ ಅರ್ಧ ಪಾಸ್‌ವರ್ಡ್ ಹೋದರೆ ಅವನಿಗೆ ಮನೆಯಿಂದ ಹೊರಬೀಳುವ ಕಾರಣವೇ ಹೋದಂತೆ.

ಹೋದ ತಿಂಗಳು ಮತ್ತೆ ಸರ್ವರ್ ಮಲಗಿತು. ಕಾಕಾ ಬಂದ, ಕೂತ, ನಾನು ಬೆನ್ನು ಮಾಡಿದೆ. ಅವನು ಕುಟ್ಟಿದ, ನಾನು ಕುಟ್ಟಿದೆ, ತೆರೆಯಲಿಲ್ಲ. ಎರಡನೆಯ ಸಲವೂ ಇಲ್ಲ, ಮೂರನೆಯ ಸಲವೂ ಇಲ್ಲ. 'ನಿಂದೇ ತಪ್ಪು' ಎಂದು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ತಿರುಗಿ ನೋಡಿದರೆ ಅವನ ಬೆರಳು ಅಕ್ಷರಗಳ ಮೇಲೆ ಸುಮ್ಮನೆ ನಿಂತಿತ್ತು. 'ಈಚೀಚೆಗ ಒಂದೇ ಮಾತು ಎರಡೆರಡು ಸಲ ಕೇಳತಾರ' ಎಂದು ಕಾಕಿ ಹೇಳಿದ್ದಾಗ ನಾನು ನಕ್ಕಿದ್ದೆ. ಈಗ ಆ ಮಾತಿನ ಅರ್ಥ ತಿಳಿಯಿತು.

"ನಂದೇ ತಪ್ಪು ಬೀಳಾಕತ್ತದ ಕಾಕಾ," ಅಂದೆ. "ನೀ ಇನ್ನೊಮ್ಮೆ ಹೊಡಿ."

ಏನೋ ನಾಲ್ಕು ಅಕ್ಷರ ಕುಟ್ಟಿ, ಎದ್ದು, ಪದ್ಧತಿಯಂತೆ ಗೋಡೆಯ ಕಡೆ ತಿರುಗಿ ನಿಂತ. ನಾನು ಅದನ್ನೆಲ್ಲ ಅಳಿಸಿ, ನನ್ನ ಖಾತೆಯ ಹೆಸರು, ನನ್ನ ಪಾಸ್‌ವರ್ಡ್ ಹಾಕಿದೆ. ತೆರೆಯಿತು.

"ಆತು ಕಾಕಾ! ನಿಂದು ಬರೋಬ್ಬರಿ ಇತ್ತು. ನಂದೇ ಒಂದ್ ಅಕ್ಷರ ಹಿಂದ ಮುಂದ ಆಗಿತ್ತು."

ಅವನು ತಿರುಗಲಿಲ್ಲ. ಗೋಡೆಗೇ ಹೇಳಿದ: "ನಿನ್ನ ಪಾಲು ಆರು ಅಕ್ಷರ. ಈಗ ಹದಿನೆಂಟು ಸಲ ಸಪ್ಪಳ ಆತು. ಎಣಿಸೋದು ಇನ್ನೂ ಮರ್ತಿಲ್ಲವ್ವಾ."

ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಅಷ್ಟು ವರ್ಷದ ಅವನ ಕಾಯ್ದೆಯನ್ನು ಅವನ ಬೆನ್ನ ಹಿಂದೆಯೇ ಮುರಿದು ಸಿಕ್ಕಿಬಿದ್ದಿದ್ದೆ. ಕಾಕಾ ಬಂದು ಕುರ್ಚಿಯಲ್ಲಿ ಕೂತು ಒಂದು ಬಿಳಿ ಹಾಳೆ ಕೇಳಿದ. ಖಜಾನೆಯಲ್ಲಿ ಬದಲಿಯಾಗಿ ಹೋಗುವವರು ಬರೆದುಕೊಡುತ್ತಾರಲ್ಲ, ಆ ಧಾಟಿಯಲ್ಲಿ ದುಂಡಗೆ ಬರೆದ: 'ಸರ್ವರಿನ ಎರಡೂ ಕೀಲಿಕೈಗಳನ್ನು ಇಂದು ಮಧ್ಯಾಹ್ನ ನನ್ನ ಅಣ್ಣನ ಮಗಳಿಗೆ ವಹಿಸಿಕೊಟ್ಟಿದ್ದೇನೆ.' ಸಹಿ ಹಾಕಿ ನನ್ನ ಕಡೆ ಸರಿಸಿದ.

"ಎರಡೂ ಕೀಲಿಕೈ ಒಬ್ಬರಿಗೇ ಕೊಟ್ಟಿದ್ದು ಇದೇ ಮೊದಲು," ಅಂದ. "ನಿನ್ನ ಮ್ಯಾಲೆ ನನಗ ಭರೋಸಾ ಅದ."

ಕಣ್ಣು ಮಂಜಾಗಿ ಸಹಿ ಹಾಕುವ ಜಾಗವೇ ಕಾಣಲಿಲ್ಲ. "ಹಂಗಾದ್ರ ಇನ್ನ ಮ್ಯಾಲೆ ನೀ ಸಾಲಿಗೆ ಬರಂಗಿಲ್ಲೇನು ಕಾಕಾ?"

"ಯಾಕ ಬರಂಗಿಲ್ಲ?" ಎಂದು ಗದರಿದ. "ನೀ ಹೊಡಿಯೋವಾಗ ಬೆನ್ನು ಮಾಡಿ ನಿಲ್ಲಾಕ ಒಬ್ಬರು ಬೇಕೋ ಬ್ಯಾಡೋ?"

"ಬೇಕು ಕಾಕಾ," ಅಂದೆ. "ಬೇಕೇ ಬೇಕು."